ದೊಡ್ಡಮ್ಮನ ಹೊಸ ಕಣ್ಣು

ಅಕ್ಟೋಬರ್ 3, ಶುಕ್ರವಾರ

ಬೋರ್ಡು ಬರೆಯುತ್ತಿದ್ದ ಕಾಲದ ಆರ್ಡರ್ ಪುಸ್ತಕವೊಂದು ಬೀರುವಿನಲ್ಲಿ ಉಳಿದಿತ್ತು. ಹಿಂಬದಿಯ ಹಾಳೆಗಳೆಲ್ಲ ಖಾಲಿ. ನಲವತ್ತೆರಡು ವರ್ಷ ಊರಿನವರ ಹೆಸರುಗಳನ್ನು ಅವರವರ ಬಾಗಿಲ ಮೇಲೆ ಬರೆದೆ. ನನ್ನದೇ ವಿಷಯ ಬರೆಯಲು ಕೂತದ್ದು ಇದೇ ಮೊದಲು. ಹೇಳಿಕೊಳ್ಳಬೇಕಾದವಳ ಹತ್ತಿರವೇ ಮಾತು ನಿಂತುಹೋಗಿದೆ, ಅದಕ್ಕೇ ಈ ಪುಸ್ತಕ.

ಮೊನ್ನೆ ಸಂಜೆ ಲೈಬ್ರರಿ ಗೇಟಿನ ಕಂಬಕ್ಕೆ ದೊಡ್ಡಮ್ಮನ ಪಕ್ಕೆ ಉಜ್ಜಿತು. ದೊಡ್ಡಮ್ಮ ಎಂದರೆ ನಮ್ಮ ಕಾರು. ದುಂಡು ಕಣ್ಣು, ಅಗಲ ಸೊಂಟ, ಏರು ಬಂದರೆ ನಿಟ್ಟುಸಿರು; ಇನ್ನೇನು ಹೆಸರಿಡುವುದು? ತಂದಾಗಲೇ ಅವಳಿಗೆ ವಯಸ್ಸಾಗಿತ್ತು. ಗೀಚಿದ್ದು ಒಂದು ಗೇಣು, ಅಷ್ಟೇ. ಆದರೆ ಇವಳು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತ ಹೇಳಿದಳು.

"ರೀ, ಇನ್ಮೇಲೆ ಸಾಯಂಕಾಲ ನಾನು ಬಸ್ಸಲ್ಲಿ ಬರ್ತೀನಿ. ಬೆಳಿಗ್ಗೆ ಬೇಕಾದ್ರೆ ನೀವೇ ಬಿಡಿ."

ಇವಳು ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷ. ಏಳು ಗಂಟೆಗೆ ಬಾಗಿಲು ಹಾಕುತ್ತಾರೆ. ಅಲ್ಲಿಂದ ಸೇತುವೆ ದಾಟಿ ಮನೆಗೆ ಹದಿನೆಂಟು ನಿಮಿಷ. ಮನೆಯೊಳಗೆ ನಾವು ಹೆಚ್ಚು ಮಾತಾಡುವವರಲ್ಲ. ಅವಳು ಓದುತ್ತಾಳೆ, ನಾನು ಏನಾದರೂ ಬಿಚ್ಚಿ ಜೋಡಿಸುತ್ತಿರುತ್ತೇನೆ. ನಮ್ಮ ಸಂಸಾರದ ಮಾತೆಲ್ಲ ನಡೆದದ್ದು ಆ ಹದಿನೆಂಟು ನಿಮಿಷಗಳಲ್ಲಿ. ಕಾರು ಗೇಟು ದಾಟಿದ ಕೂಡಲೇ "ಇವತ್ತು ಲೈಬ್ರರೀಲಿ ಏನಾಯ್ತು ಗೊತ್ತಾ?" ಎಂದು ಶುರು ಮಾಡುತ್ತಾಳೆ. ಅಂಥದ್ದೇನೂ ಆಗಿರುವುದಿಲ್ಲ. ಯಾರೋ ಪುಸ್ತಕದ ನಡುವೆ ಬಾಚಣಿಗೆ ಮರೆತಿರುತ್ತಾರೆ. ಅದನ್ನು ಅವಳು ಸೇತುವೆ ಮುಗಿಯುವವರೆಗೆ ಎಳೆಯುತ್ತಾಳೆ. ನಾನು "ಆಮೇಲೆ?" ಎನ್ನುತ್ತಿರುತ್ತೇನೆ.

ಇವತ್ತು ಲೈಬ್ರರಿಯವರು ಬಸ್ಸಿನಲ್ಲಿ ಬಂದರು. ಏಳು ಗಂಟೆ ನಲವತ್ತು ನಿಮಿಷ. ಕೈಕಾಲು ತೊಳೆದು ಪುಸ್ತಕ ಹಿಡಿದರು. (ಸಿಟ್ಟು ಬಂದಾಗ ಇವಳನ್ನು ನಾನು ಬಹುವಚನದಲ್ಲೇ ನೆನೆಯುವುದು.)

ತಪ್ಪು ನನ್ನದಲ್ಲ, ಲೈಟಿನದು. ದೊಡ್ಡಮ್ಮನ ಲೈಟು ಎಂದರೆ ಎರಡು ಬೆಂಕಿಕಡ್ಡಿ ಗೀರಿದ ಹಾಗೆ. ಎದುರಿನಿಂದ ಬರುವವರದೋ, ಒಂದೊಂದರ ಸುತ್ತಲೂ ಮುಳ್ಳು ಮುಳ್ಳಾಗಿ ಬೆಳಕು ಎದ್ದು ಕಣ್ಣಿಗೇ ಚುಚ್ಚುತ್ತದೆ. ನಮ್ಮದು ಏನನ್ನೂ ತೋರಿಸುವುದಿಲ್ಲ, ಅವರದು ಏನನ್ನೂ ನೋಡಲು ಬಿಡುವುದಿಲ್ಲ. ಲೈಟು ಬದಲಾಯಿಸಿದರೆ ಇವಳು ಮತ್ತೆ ಕಾರು ಹತ್ತುತ್ತಾಳೆ. ಇದು ನಿಶ್ಚಯ.

ಅಕ್ಟೋಬರ್ 6, ಸೋಮವಾರ

ವೈರಿಂಗ್ ಮೇಷ್ಟ್ರು ಬಂದಿದ್ದರು. ಅವರು ಎಲ್ಲೂ ಪಾಠ ಮಾಡಿದವರಲ್ಲ, ಕಾರಿನ ವೈರಿಂಗ್ ಕೆಲಸದವರು. ಆದರೆ ಒಂದು ಬಲ್ಬು ಬದಲಾಯಿಸಲು ಕರೆದರೂ ಕರೆಂಟು ಎಂದರೇನು ಎಂಬಲ್ಲಿಂದ ಹಿಡಿಯುತ್ತಾರೆ, ಅದಕ್ಕೇ ಆ ಹೆಸರು.

ಲೈಟಿನ ಗಾಜು ಬಿಚ್ಚಿ ಒಳಗಿನ ಬಟ್ಟಲನ್ನು ಬಿಸಿಲಿಗೆ ಹಿಡಿದು ತೋರಿಸಿದರು.

"ನೋಡಿ ಪೇಂಟರ್ರೇ, ಇದು ಕನ್ನಡಿ ಥರ ಇರಬೇಕು. ಬೆಳ್ಳಿ ಎಲ್ಲ ಕಪ್ಪಾಗಿದೆ. ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದಿದೆ ಅಂತ್ಲೇ ಇಟ್ಕೊಳ್ಳಿ."

ಆಮೇಲೆ ಮೀಟರ್ ಇಟ್ಟು ಅಳೆದರು. ಬ್ಯಾಟರಿಯಿಂದ ಹನ್ನೆರಡು ವೋಲ್ಟ್ ಹೊರಡುತ್ತದಂತೆ, ಬಲ್ಬಿಗೆ ಮುಟ್ಟುವುದು ಒಂಬತ್ತೂವರೆ. ಮಿಕ್ಕದ್ದೆಲ್ಲ ಹಳೇ ವೈರು, ಹಳೇ ಸ್ವಿಚ್ಚು ದಾರಿಯಲ್ಲೇ ನುಂಗಿಬಿಡುತ್ತವೆ.

ಮೂರು ಕೆಲಸ ಎಂದು ಬೆರಳು ಮಡಚಿದರು. ಹೊಸ ಬಟ್ಟಲು ಮತ್ತು ಗಾಜು. ಹ್ಯಾಲೊಜನ್ ಬಲ್ಬು. ದಪ್ಪ ವೈರೆಳೆದು ರಿಲೇ ಕೂರಿಸುವುದು. ರಿಲೇ ಅಂದರೇನು ಎಂದು ಕೇಳಿದ್ದೇ ತಪ್ಪಾಯಿತು, ಇಪ್ಪತ್ತು ನಿಮಿಷ ಹೋಯಿತು. ತಾತ್ಪರ್ಯ ಇಷ್ಟು: ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ, ಹೊರೆ ಹೊರುವುದು ರಿಲೇ.

"ನಮ್ಮನೇಲೂ ಹಾಗೇ" ಎಂದಳು ಇವಳು, ಬಾಗಿಲಲ್ಲಿ ನಿಂತು. ಮೇಷ್ಟ್ರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಅವಳು ನನ್ನ ಎದುರು ಒಂದು ತಮಾಷೆ ಮಾಡಿದಳಲ್ಲ ಎಂದು ಸಮಾಧಾನವಾಯಿತು.

ಅಕ್ಟೋಬರ್ 9, ಗುರುವಾರ

ಗುರುವಾರ ಲೈಬ್ರರಿಗೆ ರಜೆ. ಬೆಳಿಗ್ಗೆ ಎದ್ದವಳೇ, "ಲೈಟ್ ರಿಪೇರಿ ಆಗ್ಲಿ ರೀ, ಬೇಡ ಅನ್ನಲ್ಲ. ಜೊತೇಲಿ ಒಂದ್ಸಲ ಕಣ್ಣೂ ತೋರಿಸ್ಕೊಂಡು ಬರೋಣ" ಎಂದಳು. ಯಾರ ಕಣ್ಣು ಎಂದೆ. ನನ್ನದಂತೆ! ಅಕ್ಷರದ ಕಾಲಿಗೆ ಕೂದಲೆಳೆಯಷ್ಟು ಸೊಟ್ಟ ಬಂದರೂ ಒರೆಸಿ ಮತ್ತೆ ಬರೆದವನ ಕಣ್ಣು! ಆದರೂ ಹೋದೆ. ಬೇಡ ಎಂದರೆ ಹೆದರಿದ ಅಂದುಕೊಳ್ಳುತ್ತಾಳೆ.

ಕನ್ನಡಕದ ಅಂಗಡಿಯ ಒಳಗೆ ಗೋಡೆ ಮೇಲೆ ಅದೇ ಬೋರ್ಡು! ಹತ್ತೊಂಬತ್ತು ವರ್ಷದ ಹಿಂದೆ ನಾನೇ ಬರೆದುಕೊಟ್ಟ ಅಕ್ಷರದ ಬೋರ್ಡು. ನಮ್ಮ ಊಟದ ಮೇಜಿನ ಮೇಲೆ ಇಟ್ಟುಕೊಂಡು ಬರೆದದ್ದು. ಇವಳು ಚೀಟಿ ನೋಡಿ ಒಂದೊಂದೇ ಅಕ್ಷರ ಕೂಗಿ ಹೇಳುತ್ತಿದ್ದಳು. ಕೊನೆಯ ಸಾಲಿನ 'ಷ'ಕ್ಕೆ ನಾನು ಹೊಟ್ಟೆಯ ಗೆರೆ ಎಳೆಯಲು ಮರೆತು ಅದು 'ಪ' ಆಗಿಬಿಟ್ಟಿತ್ತು. "ಒಂದು ಗೆರೆ ಕದ್ದಿದ್ದೀರಿ" ಎಂದು ಇವಳೇ ಹಿಡಿದದ್ದು.

ಕೂತೆ. ಮೇಲಿನ 'ರ'ದಿಂದ ಹಿಡಿದು ಗ, ಠ, ವ, ದ, ನ, ಕೆಳಗಿನ ಆ 'ಷ'ದವರೆಗೆ ಒಂದೂ ತಡವರಿಸದೆ ಓದಿದೆ. ಕಣ್ಣು ಕಿರಿದು ಮಾಡುವ ಅಗತ್ಯವೂ ಬೀಳಲಿಲ್ಲ. ಅಂಗಡಿಯವರು, "ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿ ಓದೋರನ್ನ ನಾನು ನೋಡಿಲ್ಲ" ಎಂದರು. ಇವಳ ಮುಖ ನೋಡಿದೆ. ಅವಳು ನನ್ನನ್ನು ಬಿಟ್ಟು ಬೋರ್ಡನ್ನೇ ನೋಡುತ್ತಿದ್ದಳು.

ಅಲ್ಲಿಗೆ ಕಣ್ಣಿನ ವಿಷಯ ಮುಗಿಯಿತು.

ಅಕ್ಟೋಬರ್ 15, ಬುಧವಾರ

ರಿಲೇ ಕೂತಿತು. ಬಲ್ಬಿಗೆ ಈಗ ಹನ್ನೆರಡರಲ್ಲಿ ಹನ್ನೊಂದು ಮುಕ್ಕಾಲು ಮುಟ್ಟುತ್ತಿದೆ. ಹೊಸ ಗಾಜು ಇನ್ನೂ ಬಂದಿಲ್ಲ. ಸಂಜೆ ಹಾಕಿ ನೋಡಿದೆ. ಸ್ವಲ್ಪ ವಾಸಿ, ಹೆಚ್ಚೇನಿಲ್ಲ.

ಬಸ್ಸು ಇವತ್ತು ಏಳು ಐವತ್ತಕ್ಕೆ.

ಅಕ್ಟೋಬರ್ 24, ಶುಕ್ರವಾರ

ಎಲ್ಲ ಕಂಪನಿಗಳೂ ಒಟ್ಟಿಗೆ ಕಳಪೆಯಾಗಿವೆ. ಈ ಪೆನ್ನಿನ ಇಂಕು ನೀರು ಬೆರೆಸಿದ ಹಾಗಿದೆ, ದಪ್ಪ ಮೊನೆಯ ಕಪ್ಪು ಪೆನ್ನು ತಂದೆ. ಪುಸ್ತಕದ ಗೆರೆಗಳೂ ಮಾಸಿವೆ, ಅದಕ್ಕೆ ಒಂದು ಸಾಲು ಬಿಟ್ಟು ಬರೆಯುತ್ತಿದ್ದೇನೆ. ಪತ್ರಿಕೆಯವರು ಅಕ್ಷರ ಸಣ್ಣ ಮಾಡಿದ್ದಾರೆ. ಪೋಸ್ಟ್ ಆಫೀಸಿನ ಮೆಟ್ಟಿಲಿಗೆ ಅಂಚೇ ಇಲ್ಲದ ಹಾಗೆ ಸಿಮೆಂಟು ಬಳಿದಿದ್ದಾರೆ. ನಿನ್ನೆ ಅಲ್ಲಿ ಎಡವಿದೆ, ಮೊಣಕಾಲು ತರಚಿತು. ಇವಳಿಗೆ ಹೇಳಿಲ್ಲ. ಹೇಳಿದರೆ ಅದಕ್ಕೂ ಒಂದು ಬಸ್ಸು ಹುಡುಕುತ್ತಾಳೆ.

ಸಂಜೆ ಏಳರಿಂದ ಏಳೂ ಮುಕ್ಕಾಲರವರೆಗೆ ಈ ಮನೆಯಲ್ಲಿ ಮಾಡಲು ಏನೂ ಕೆಲಸ ಇರುವುದಿಲ್ಲ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ನವೆಂಬರ್ 2, ಭಾನುವಾರ

ಹೊಸ ಗಾಜು, ಹೊಸ ಬಲ್ಬು ಎರಡೂ ಶುಕ್ರವಾರ ಕೂತವು. "ಇನ್ನೂ ಹಳದಿಯಾಗೇ ಇದೆಯಲ್ಲ ಮೇಷ್ಟ್ರೇ" ಎಂದರೆ, "ಹಳದಿನಾ? ಹಾಲಿನ ಥರ ಇದೆ!" ಎಂದರು. ಅವರ ಕೆಲಸ, ಅವರು ಹಾಗೇ ಹೇಳಬೇಕು.

ಉಳಿದದ್ದು ಲೈಟಿನ ನೋಟ ಸರಿ ಮಾಡುವುದು. ಕಾರನ್ನು ಗೋಡೆಯಿಂದ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ, ಲೈಟು ನೆಲದಿಂದ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಅಡ್ಡಗೆರೆ ಎಳೆಯಬೇಕು. ಡಿಪ್ ಮಾಡಿ ತಗ್ಗಿಸಿದ ಬೆಳಕು ಆ ಗೆರೆಗಿಂತ ನಾಲ್ಕು ಬೆರಳು ಕೆಳಗೆ ಬೀಳಬೇಕು. ಮೇಲೆ ಹೋದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮೇಷ್ಟ್ರು ಮುಂದಿನ ಭಾನುವಾರ ಬಂದು ಮಾಡಿಕೊಡುತ್ತೇನೆ ಎಂದಿದ್ದರು. ಒಂದು ಗೆರೆ ಎಳೆಯಲು ನಾನು ಇನ್ನೊಬ್ಬರಿಗೆ ಕಾಯಬೇಕೇ? ಲೈಟನ್ನು ಏರಿಸಿ ಇಳಿಸುವ ತಿರುಪು ತಿರುಗಿಸಲು ನನಗೆ ಬರುವುದಿಲ್ಲವೇ?

ನಮ್ಮ ಓಣಿಯ ಕೊನೆಗೆ ಗೋದಾಮಿನ ಹಿಂಗೋಡೆ ಇದೆ, ಅಗಲವಾದ್ದು, ಕಿಟಕಿ ಇಲ್ಲದ್ದು. ಎಡಗಡೆ ಅಳತೆ ಹಾಕಿ ಚುಕ್ಕೆ ಇಟ್ಟು, ಕೆಂಪು ಬಣ್ಣದಲ್ಲಿ ಕುಂಚ ಅದ್ದಿದೆ. ಇವಳು ಛತ್ರಿ ಹಿಡಿದು ನಿಂತಿದ್ದಳು, ಬಿಸಿಲಿಗೆ.

"ರೀ, ಒಂದು ದಾರ ಹಿಡೀಬಾರ್ದಾ? ಆ ಕಡೆ ತುದಿ ನಾನು ಹಿಡ್ಕೊಳ್ತೀನಿ."

"ದಾರ ಹಿಡಿದು ಬರೆಯೋನು ಬೋರ್ಡ್ ಬರೆಯೋನಲ್ಲ, ಗೋಡೆ ಕಟ್ಟೋನು" ಎಂದೆ. ನಲವತ್ತೆರಡು ವರ್ಷದಲ್ಲಿ ನಾನು ದಾರ ಮುಟ್ಟಿದವನಲ್ಲ. ಒಂದೇ ಉಸಿರಿನಲ್ಲಿ, ಕೈ ಎತ್ತದೆ, ಎಡದಿಂದ ಬಲಕ್ಕೆ ಎಳೆದೆ. ಮುಗಿಸಿ ಹಿಂದೆ ಸರಿದು ನೋಡಿದೆ. ನೆಟ್ಟಗೆ ಇತ್ತು.

"ಬಲಗಡೆ ಸ್ವಲ್ಪ..." ಎಂದಳು.

"ಸ್ವಲ್ಪ ಏನು?"

"ಏನಿಲ್ಲ ಬಿಡಿ."

ಓಣಿಯವರು ಇಬ್ಬರು ಮೂವರು ನಿಂತು ನೋಡಿದರು. ನಮ್ಮಿಂದ ಮೂರನೇ ಮನೆಯವನು, ಸ್ಕೂಲಿನ ವಾಚ್‌ಮನ್, ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿದ. ತಲೆ ಕೆರೆದುಕೊಂಡ. "ಚೆನ್ನಾಗಿದೆ ಪೇಂಟರ್ ಸಾರ್" ಎಂದು ಹೊರಟುಹೋದ. ಕೆಲಸ ಬಿಟ್ಟು ಆರು ವರ್ಷವಾದರೂ ಕೈ ಮರೆತಿಲ್ಲ ಎಂದು ಜನಕ್ಕೆ ಗೊತ್ತಾಯಿತು. ನನಗೆ ಖುಷಿಯಾಗಿದೆ. ಕತ್ತಲಾದ ಮೇಲೆ ಒಬ್ಬನೇ ತಿರುಪು ತಿರುಗಿಸಿ ಎರಡೂ ಲೈಟನ್ನು ಗೆರೆಗೆ ಹೊಂದಿಸಿದೆ. ಬೆಳಕಿನ ಅಂಚು ಎರಡೆರಡಾಗಿ ಕಾಣಿಸುತ್ತಿತ್ತು, ಹೊಸ ಗಾಜಿನ ಗುಣ ಇರಬೇಕು. ಕೆಳಗಿನ ಅಂಚನ್ನು ಲೆಕ್ಕಕ್ಕೆ ಹಿಡಿದೆ.

ನವೆಂಬರ್ 5, ಬುಧವಾರ

ಇವಳಿಗೆ ಹೇಳದೆ ಕರೆತರಲು ಹೋಗಿದ್ದೆ. ಹೋಗುವಾಗ ರಾಜನ ಹಾಗೆ ಹೋದೆ. ಈಗ ರಸ್ತೆ ಬೆಳಗುತ್ತದೆ, ಮರದ ಕೊಂಬೆಯವರೆಗೂ ಬೆಳಗುತ್ತದೆ. ಸೇತುವೆ ಮೇಲೆ ಆರೂವರೆ ದಾಟಿತ್ತು. ಎದುರಿನಿಂದ ಬರುತ್ತಿದ್ದ ಸೈಕಲ್ಲಿನವನೊಬ್ಬ ಪಕ್ಕಕ್ಕೆ ಸರಿದು, ಕೈ ಎತ್ತಿದ. ದೊಡ್ಡಮ್ಮನ ಹೊಸ ಲೈಟಿಗೆ ಮೆಚ್ಚುಗೆ! ನಾನೂ ಹಾರ್ನ್ ಹೊಡೆದು ಮುಂದೆ ಹೋದೆ.

ಲೈಬ್ರರಿ ಗೇಟಿಗೆ ಮುಖ ಮಾಡಿ ನಿಲ್ಲಿಸಿದೆ. ಏಳಕ್ಕೆ ಇವಳು ಹೊರಗೆ ಬಂದಳು. ಬೆಳಕಿಗೆ ಕೈಲಿದ್ದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ಪಕ್ಕದಿಂದ ಬಂದು, ಕಿಟಕಿಗೆ ಬಗ್ಗಿದಳು.

"ಯಾಕೆ ಬಂದ್ರಿ?"

"ಹತ್ತು. ಲೈಟ್ ನೋಡು ಹೇಗಿದೆ."

"ನೋಡ್ದೆ" ಎಂದಳು. "ನೀವು ನಿಧಾನವಾಗಿ ಹೋಗಿ. ನನಗೆ ಬಸ್ ಇದೆ" ಎಂದಳು.

ಬಸ್ಸಿನ ಹಿಂದೆಯೇ ಬಂದೆ, ಅದರ ಕೆಂಪು ದೀಪ ನೋಡಿಕೊಂಡು. ಒಳಗೆ ಕಿಟಕಿ ಪಕ್ಕ ಇವಳು ಕೂತಿರಬೇಕು ಅಂದುಕೊಂಡೆ. ಇಷ್ಟು ಮಾಡಿದರೂ ಹತ್ತಲಿಲ್ಲ. ಈ ವಯಸ್ಸಿನಲ್ಲಿ ಹೀಗೆ ಬರೆಯಬಾರದು, ಆದರೂ ಬರೆಯುತ್ತೇನೆ: ಅಳು ಬಂತು.

ನವೆಂಬರ್ 7, ಶುಕ್ರವಾರ

ವಾಚ್‌ಮನ್ ಬೆಳಿಗ್ಗೆಯೇ ಬಂದಿದ್ದ. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರ್, ಕೊರಳಿಗೆ ತೂಗುಪಟ್ಟಿ. ಏನಾಯಿತೋ ಎಂದೆ.

"ಬಿದ್ದೆ ಸಾರ್. ಬುಧವಾರ ಸಾಯಂಕಾಲ ಡ್ಯೂಟಿ ಮುಗಿಸ್ಕೊಂಡು ಬರ್ತಿದ್ದೆ. ಸೇತುವೆ ಮೇಲೆ ಎದುರಿಗೆ ಒಂದು ಗಾಡಿ, ಲೈಟ್ ನೇರ ಕಣ್ಣಿಗೇ ಬಿಟ್ಕೊಂಡು ಬಂತು. ಏನೂ ಕಾಣ್ಲಿಲ್ಲ. ಕೈ ಅಡ್ಡ ಹಿಡಿಯೋಷ್ಟರಲ್ಲಿ ಕಟ್ಟೆಗೆ ಹೊಡೆದು ಬಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಾನೇ ಇಷ್ಟು ತಿಂಗಳಿಂದ ಪಡುತ್ತಿರುವ ಪಾಡು ಇದು. ಬಾಯಿಗೆ ಬಂದದ್ದೆಲ್ಲ ಬೈದೆ. ಎದುರಿಗೆ ಬರುವವರೂ ಮನುಷ್ಯರು ಎಂದು ಗೊತ್ತಿಲ್ಲದ ಕತ್ತೆಗಳು, ಇಂಥವರ ಲೈಸೆನ್ಸು ಹರಿದು ಕೈಗೆ ಕೊಡಬೇಕು, ಬಿದ್ದವನನ್ನು ತಿರುಗಿ ಕೂಡ ನೋಡದೆ ಹೋಗುತ್ತಾರಲ್ಲ, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ ಎಂದೆಲ್ಲ. ಅವನು ಬಾಯಿ ತೆರೆದ, ಮುಚ್ಚಿದ. ಟೀ ಕುಡಿದ. ಟೀ ತಂದಿಟ್ಟ ಇವಳು ಒಳಗೆ ಹೋಗದೆ ಅಲ್ಲೇ ನಿಂತಿದ್ದಳು. ಆಮೇಲೆ ಅವನನ್ನು ಗೇಟಿನವರೆಗೂ ಬಿಟ್ಟು, ಬಹಳ ಹೊತ್ತು ಮಾತಾಡಿ ಬಂದಳು.

ಪಾಪ, ಒಳ್ಳೆಯ ಮನುಷ್ಯ. ಅಂಥವನಿಗೇ ಹೀಗಾಗಬೇಕೇ.

ನವೆಂಬರ್ 8, ಶನಿವಾರ

ಬುಧವಾರ. ಸೇತುವೆ. ಆರೂವರೆ.

ಕೈ ಎತ್ತಿದ ಸೈಕಲ್ಲಿನವನು.

ನಾನು ಹಾರ್ನ್ ಹೊಡೆದಿದ್ದೆ.

ನವೆಂಬರ್ 11, ಮಂಗಳವಾರ

ಕಾರಿಗೆ ಹೊದಿಕೆ ಹಾಕಿದ್ದೇನೆ. ಬೆಳಿಗ್ಗೆಯೂ ಬಸ್ಸಿನಲ್ಲೇ ಹೋಗು, ಬ್ಯಾಟರಿ ಸರಿ ಇಲ್ಲ ಎಂದು ಇವಳಿಗೆ ಹೇಳಿದೆ. ಮೇಷ್ಟ್ರು ನೋಡಲು ಬಂದರೆ ಅವರಿಗೂ ಅದೇ ಹೇಳಿ ಬಾಗಿಲಲ್ಲೇ ಕಳಿಸಿದೆ. "ಬ್ಯಾಟರಿ ಸರಿ ಇಲ್ದಿದ್ರೆ ನನ್ನನ್ನೇ ತಾನೇ ಕರೀಬೇಕು?" ಎಂದು ಗೊಣಗಿಕೊಂಡು ಹೋದರು.

ಲೈಟು ಮೇಲೆ ನೋಡುತ್ತಿದೆ ಎಂದರೆ ತಿರುಪು ಸಡಿಲವಾಗಿರಬೇಕು. ಗೆರೆಯಂತೂ ನೆಟ್ಟಗಿದೆ. ಕಣ್ಣಂತೂ ಸರಿ ಇದೆ, ಬೋರ್ಡು ಪೂರ್ತಿ ಓದಿದ್ದೇನೆ. ಗುರುವಾರ ಇನ್ನೊಂದು ಸಲ ಹೋಗಿ ಓದಿ ಬರುತ್ತೇನೆ. ಆಗ ತಪ್ಪು ಎಲ್ಲಿದೆ ಎಂದು ಪಕ್ಕಾ ಆಗುತ್ತದೆ. ತಪ್ಪು ತಿರುಪಿನದು ಎಂದಾದರೆ ವಾಚ್‌ಮನ್ ಎದುರು ನಿಂತು ಹೇಳಲು ನನಗೆ ಬಾಯಿ ಬರುತ್ತದೆ.

ನವೆಂಬರ್ 13, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇವಳೂ ಜೊತೆಗೆ ಬಂದಳು. ಕುರ್ಚಿಯಲ್ಲಿ ಕೂತೆ. ಅಂಗಡಿಯವರು ಕೇಳುವ ಮೊದಲೇ ಶುರು ಮಾಡಿದೆ. ರ. ಗ, ಠ. ವ, ದ, ನ. ಕೆಳಗಿನ ಸಾಲಿಗೆ ಬಂದು, 'ಷ'ವನ್ನು ಸ್ವಲ್ಪ ಒತ್ತಿ ಹೇಳಿ ನಿಲ್ಲಿಸಿದೆ. ಹೊರಗೆ ರಸ್ತೆಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು.

ಅಂಗಡಿಯವರು ಹತ್ತಿರ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ಪೇಂಟರ್ ಸಾರ್, ನೀವು ಬರೆದ ಬೋರ್ಡು ಈಗ ಒಳಗಡೆ ರೂಮಲ್ಲಿದೆ. ಇದು ಬೇರೆ. ಶನಿವಾರ ಮೇಡಂ ಬಂದು ಹೇಳಿದ್ರು, ಸೋಮವಾರ ಬದಲಾಯಿಸ್ದೆ."

"ಇದರಲ್ಲಿ ಏನಿದೆ?" ಎಂದೆ.

"ಅದನ್ನ ನೀವು ಹೇಳ್ಬೇಕು."

ನೋಡಿದೆ. ಮೇಲೆ ಒಂದು ದೊಡ್ಡ ಅಕ್ಷರ, ಅದೂ ಎರಡೆರಡು. ಅದರ ಕೆಳಗೆ, ಹಸಿ ಬಣ್ಣದ ಮೇಲೆ ಕೈ ಆಡಿಸಿದ ಹಾಗೆ, ಬೂದು. ಅಷ್ಟೇ. ಆದರೆ ದೇವರಾಣೆಗೂ ನಾನು ಸುಳ್ಳು ಓದಲಿಲ್ಲ. ಆ ಅಕ್ಷರಗಳೆಲ್ಲ ನನಗೆ ಅಲ್ಲಿ ಕಾಣಿಸಿದ್ದವು. 'ಷ'ದ ಹೊಟ್ಟೆಯ ಗೆರೆಯೂ ಕಾಣಿಸಿತ್ತು.

ಅಲ್ಲಿಂದ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಔಷಧಿ ಬಿಟ್ಟು, ದೀಪ ಬಿಟ್ಟು ನೋಡಿದರು. ಎರಡೂ ಕಣ್ಣಿಗೆ ಪೊರೆ. ಚಿಕ್ಕ ಆಪರೇಷನ್ನು, ಹೆದರಬೇಕಾಗಿಲ್ಲ, ಬಲಗಣ್ಣು ಮೊದಲು, ಎಡಗಣ್ಣು ಎರಡು ತಿಂಗಳು ಬಿಟ್ಟು. ಎರಡೂ ಮುಗಿಯುವವರೆಗೆ ಕತ್ತಲಲ್ಲಿ ಗಾಡಿ ಮುಟ್ಟಬಾರದು. "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು. ಲೈಟು ಹಾಳಾದಾಗಿನಿಂದ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹೊರಗೆ ಬಂದು ಇವಳನ್ನು ಕೇಳಿದೆ, ಬೋರ್ಡು ಬದಲಾಯಿಸಲು ಹೇಳಿದೆಯಲ್ಲ, ನನಗೇಕೆ ಹೇಳಲಿಲ್ಲ ಎಂದು.

"ಹೇಳಿದ್ರೆ ಹೊಸದನ್ನೂ ಬಾಯಿಪಾಠ ಮಾಡ್ಕೊಂಡು ಬರ್ತಿದ್ರಿ."

ನಗಲಿಲ್ಲ ಅವಳು. ನಾನೂ ನಗಲಿಲ್ಲ.

ನವೆಂಬರ್ 20, ಗುರುವಾರ

ಈಚೆಗೆ ಸಂಜೆ ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತಿದ್ದೇನೆ. ಕೂತು ಕೂತು ಕಾಲು ಹಿಡಿದುಕೊಂಡಿದೆ, ಅದಕ್ಕೆ. ಅಷ್ಟರಲ್ಲಿ ಇವಳ ಬಸ್ಸೂ ಬರುತ್ತದೆ, ಜೊತೆಗೆ ಬರುತ್ತೇವೆ. ಒಂಬತ್ತು ನಿಮಿಷ. ಚಳಿಗೋ ಏನೋ, ಇವಳು ನನ್ನ ತೋಳು ಹಿಡಿದುಕೊಂಡು ನಡೆಯುತ್ತಾಳೆ. ರಸ್ತೆ ದಾಟುವಲ್ಲಿ, ಮೆಟ್ಟಿಲು ಬಂದಲ್ಲಿ ಇನ್ನೂ ಬಿಗಿಯಾಗಿ ಹಿಡಿಯುತ್ತಾಳೆ. ಹೆಚ್ಚು ಮಾತಿಲ್ಲ. ಇವತ್ತು ರಜೆ, ಆದರೂ ಅದೇ ಹೊತ್ತಿಗೆ ಇಬ್ಬರೂ ಒಂದು ಸುತ್ತು ಹೋಗಿ ಬಂದೆವು.

ವಾಚ್‌ಮನ್ ಮನೆ ಮುಂದೆ ಹಾಯುವಾಗ ತಲೆ ತಗ್ಗಿಸುತ್ತೇನೆ. ಕಣ್ಣು ಸರಿಹೋದ ಮೇಲೆ ಅವನ ಮುಖ ನೋಡಿಯೇ ಹೇಳಬೇಕು. ಇದು ನೆಪ ಎಂದು ನನಗೂ ಗೊತ್ತಿದೆ.

ಡ್ರೈವಿಂಗ್ ಬಗ್ಗೆ ಇವಳು ಒಂದು ಮಾತೂ ಎತ್ತಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು.

ಡಿಸೆಂಬರ್ 2, ಮಂಗಳವಾರ

ಆಪರೇಷನ್ ಆಗಿ ಐದು ದಿನ ಬರೆಯಬಾರದು ಎಂದಿದ್ದರು. ಬಲಗಣ್ಣು ಗೆದ್ದಿದೆ.

ಬಿಳಿ ಎಂದರೆ ಇಷ್ಟು ಬಿಳಿ ಎಂದು ಮರೆತೇ ಹೋಗಿತ್ತು. ಹಾಲಿನ ಪಾತ್ರೆ ನೋಡುತ್ತ ನಿಂತುಬಿಟ್ಟೆ. ಇವಳ ಹಣೆಯಲ್ಲಿ ಮೂರು ಗೆರೆ ಇವೆ, ಯಾವಾಗ ಬಂದವೋ. ಹೋದ ವರ್ಷ ನಾನು ಬೂದು ಬಣ್ಣ ಎಂದು ಗೇಟಿಗೆ ಹಚ್ಚಿದ್ದು ಬೂದು ಅಲ್ಲ, ನೇರಳೆ! "ನನಗೇಕೆ ಹೇಳಲಿಲ್ಲ?" ಎಂದರೆ, "ನೀವು ಇಷ್ಟಪಟ್ಟು ಹಚ್ಚಿದ್ದು ಅಂದ್ಕೊಂಡೆ. ಒಂದು ವಾರ ಆದ್ಮೇಲೆ ನನಗೂ ಅಭ್ಯಾಸ ಆಯ್ತು" ಎಂದಳು.

ಆಮೇಲೆ ಓಣಿಯ ಕೊನೆಗೆ ಹೋದೆ.

ನಾನು ಎಳೆದದ್ದು ಗೆರೆಯಲ್ಲ, ಇಳಿಜಾರು. ಬಲಗಡೆ ಒಂದು ಗೇಣು ಮೇಲೆದ್ದಿದೆ. ನಡುವೆ ಎರಡು ಕಡೆ ನಡುಗಿದೆ. ಹೊಸದಾಗಿ ಕುಂಚ ಹಿಡಿದವನೂ ಹೀಗೆ ಎಳೆಯುವುದಿಲ್ಲ. ಕೆಂಪು ಬಣ್ಣ ಬೇರೆ, ಅರ್ಧ ಓಣಿಗೆ ಕಾಣಿಸುತ್ತದೆ. ಒಂದು ತಿಂಗಳು ಎಲ್ಲರೂ ಅದನ್ನು ನೋಡಿಕೊಂಡೇ ಓಡಾಡಿದ್ದಾರೆ, ನನ್ನ ಎದುರು ಯಾರೂ ತುಟಿ ಬಿಚ್ಚಿಲ್ಲ. ನನಗೆ ನಾಚಿಕೆಯಾಯಿತು. ಗೆರೆಯ ಸೊಟ್ಟಕ್ಕಿಂತ ಹೆಚ್ಚಾಗಿ, ಅವತ್ತು ಛತ್ರಿ ಹಿಡಿದು ನಿಂತವಳಿಗೆ ನಾನು ಕೊಟ್ಟ ಉತ್ತರಕ್ಕೆ.

ಡಿಸೆಂಬರ್ 4, ಗುರುವಾರ

ವಾಚ್‌ಮನ್ ಮನೆಗೆ ಹೋದೆ. ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ಒಂದೇ ಕೈಯಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.

"ನಿನಗೆ ಒಂದು ವಿಷಯ ಹೇಳ್ಬೇಕು" ಎಂದೆ.

"ಗೊತ್ತು ಸಾರ್."

"ಏನು ಗೊತ್ತು?"

"ದೊಡ್ಡಮ್ಮನ ಸದ್ದು ನನಗೆ ಗೊತ್ತಿಲ್ವಾ? ಕಣ್ಣು ಕಾಣ್ಲಿಲ್ಲ, ಕಿವಿ ಕೇಳ್ತಿತ್ತಲ್ಲ. ಆ ಹಾರ್ನ್ ಬೇರೆ." ಎಣ್ಣೆ ಡಬ್ಬಿ ಕೆಳಗಿಟ್ಟ. "ಅವತ್ತು ಹೇಳೋಕೆ ಅಂತ್ಲೇ ನಿಮ್ಮನೆಗೆ ಬಂದಿದ್ದೆ. ಅಷ್ಟರಲ್ಲಿ ನೀವು ಬೈಯೋಕೆ ಶುರು ಮಾಡಿದ್ರಿ. ಎಷ್ಟು ಚೆನ್ನಾಗಿ ಬೈತಿದ್ರಿ ಅಂದ್ರೆ, ನಾನು ಹೊಸದಾಗಿ ಸೇರಿಸೋಕೆ ಏನೂ ಉಳೀಲಿಲ್ಲ. ಟೀ ಕುಡಿದು ಎದ್ದೆ. ಗೇಟ್ ಹತ್ರ ಅಕ್ಕನಿಗೆ ಮಾತ್ರ ಹೇಳ್ದೆ."

ಕ್ಷಮಿಸು ಎನ್ನಲು ಹೋದೆ. ಅವನು ಪ್ಲಾಸ್ಟರ್ ಹಾಕಿದ ಕೈಯಿಂದಲೇ ಸ್ಟೂಲ್ ಸರಿಸಿ ಕೂರಿಸಿದ. ಚೈನಿಗೆ ಉಳಿದ ಎಣ್ಣೆ ನಾನೇ ಬಿಟ್ಟೆ. ಕೈ ಸರಿಹೋಗುವವರೆಗೆ ಬೆಳಿಗ್ಗೆ ಸ್ಕೂಲಿಗೆ ಕಾರಿನಲ್ಲಿ ಬಿಡುತ್ತೇನೆ ಎಂದೆ, ಹಗಲು ಬೆಳಕಿನಲ್ಲಿ. ಡಾಕ್ಟರು ಸರಿ ಅಂದ ಮೇಲೆ ತಾನೇ, ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಡಿಸೆಂಬರ್ 6, ಶನಿವಾರ

ಹಳೇ ಗೆರೆ ಅಳಿಸಿದೆ. ಆಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ ದಾರದ ಒಂದು ತುದಿಯನ್ನು ಇವಳ ಕೈಗೆ ಕೊಟ್ಟೆ. ಬೆಳಿಗ್ಗೆ ಎಂಟು ಗಂಟೆ, ಓಣಿಯವರೆಲ್ಲ ನೋಡುತ್ತಿದ್ದರು. ಅವಳು ಆ ತುದಿ, ನಾನು ಈ ತುದಿ. ಎರಡೂ ಕಡೆ ಅಳತೆ ಹಾಕಿ, ದಾರ ಬಿಗಿದು, ನಡುವೆ ಎಳೆದು ಬಿಟ್ಟೆ. ಠಪ್ ಎಂದಿತು. ಗೋಡೆಯ ಮೇಲೆ ನೆಟ್ಟಗೆ ಒಂದು ಬಿಳಿ ಗೆರೆ. ಇಷ್ಟು ಸುಲಭವೇ ಇದು!

ಸಂಜೆ ಇವಳು ಬಂದ ಮೇಲೆ ಮೇಷ್ಟ್ರು ತಿರುಪು ತಿರುಗಿಸಿ ಎರಡೂ ಲೈಟನ್ನು ತಗ್ಗಿಸಿದರು. ಬ್ಯಾಟರಿ ಸರಿ ಇದೆಯಲ್ಲ ಎಂದು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅವರು ಹೊರಟ ಮೇಲೆ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಇವಳನ್ನು ಸ್ಟೀರಿಂಗ್ ಹಿಂದೆ ಕೂರಿಸಿ, ಕಾಲಿನ ಹತ್ತಿರ ಡಿಪ್ ಬಟನ್ ಎಲ್ಲಿದೆ ಎಂದು ತೋರಿಸಿ, ನಾನು ಎಂಟು ಹೆಜ್ಜೆ ಮುಂದೆ ಹೋಗಿ, ಗೋಡೆಗೆ ಬೆನ್ನು ಮಾಡಿ ನಿಂತೆ. ಇಷ್ಟು ವರ್ಷದಲ್ಲಿ ದೊಡ್ಡಮ್ಮನ ಎದುರಿಗೆ ನಾನು ಒಮ್ಮೆಯೂ ನಿಂತಿರಲಿಲ್ಲ.

"ಮೊದಲು ಮೇಲಿನದು ಹಾಕು" ಎಂದು ಕೂಗಿದೆ.

ಹಾಕಿದಳು. ಬೆಳಕು ನೇರ ಮುಖಕ್ಕೆ ಬಂತು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಎತ್ತಿದ ಮೇಲೆ ಗೊತ್ತಾಯಿತು, ಇದೇ ಕೈ. ಸೇತುವೆಯ ಮೇಲೆ ನಾನು ನೋಡಿದ್ದು ಇದನ್ನೇ.

"ಸಾಕಾ?" ಎಂದು ಇವಳು ಕೂಗಿದಳು.

"ಸಾಕು, ತಗ್ಗಿಸು."

ಕಾಲಲ್ಲಿ ಒತ್ತಿದಳು. ಬೆಳಕು ಇಳಿದು ನನ್ನ ಮೊಣಕಾಲಿಗೆ ಬಂತು. ಗಾಜಿನ ಹಿಂದೆ ಅವಳ ಮುಖ ಕಾಣಿಸಿತು. ಹೋಗಿ ಪಕ್ಕದ ಬಾಗಿಲು ತೆಗೆದು ಕೂತೆ, ಅವಳ ಜಾಗದಲ್ಲಿ. ಎಂಜಿನ್ ಆಫ್ ಇತ್ತು. ಲೈಟ್ ಆರಿಸು ಎಂದು ಹೇಳಬೇಕಿತ್ತು. ಇಬ್ಬರೂ ಗೋಡೆಯ ಗೆರೆ ನೋಡುತ್ತ ಕೂತಿದ್ದೆವು.

"ಇವತ್ತು ಲೈಬ್ರರೀಲಿ ಏನಾಯ್ತು ಗೊತ್ತಾ?" ಎಂದಳು.

"ಏನಾಯ್ತು?"

ಯಾರೋ ಅಡುಗೆ ಪುಸ್ತಕವನ್ನು ಹನ್ನೊಂದು ವರ್ಷದ ನಂತರ ವಾಪಸ್ ತಂದುಕೊಟ್ಟರಂತೆ. ಪ್ರತಿ ಪುಟದಲ್ಲೂ ಎಣ್ಣೆ ಕಲೆ, ಜೊತೆಗೆ ಅಂಚಿನಲ್ಲಿ ತಿದ್ದುಪಡಿ: ಉಪ್ಪು ಕಮ್ಮಿ, ಉಪ್ಪು ಕಮ್ಮಿ, ಉಪ್ಪು ಕಮ್ಮಿ. ಆಮೇಲೆ? ಆಮೇಲೆ ಇನ್ನೊಂದು, ಅದರ ಆಮೇಲೆ ಮತ್ತೊಂದು. ಅಕ್ಟೋಬರ್ ಮೂರರಿಂದ ಕೂಡಿಟ್ಟದ್ದೆಲ್ಲ ಒಂದೊಂದೇ ಹೊರಗೆ ಬಂತು. ಸೇತುವೆ ಎಷ್ಟು ಸಲ ದಾಟಿದೆವೋ ಲೆಕ್ಕ ಇಡಲಿಲ್ಲ. ನಡುವೆ ಒಮ್ಮೆ ಗೋಡೆ ನೋಡಿ ಅವಳ ತೋಳು ಹಿಡಿದುಕೊಂಡೆ.

"ಏ, ಬೆಳಕು ಹಳದಿಯಾಗ್ತಿದೆ. ನನ್ನ ಕಣ್ಣಾ?"

ಇವಳು ಮುಂದಕ್ಕೆ ಬಗ್ಗಿ ನೋಡಿದಳು.

"ಇಲ್ಲಾ ರೀ, ಈ ಸಲ ಲೈಟೇ" ಎಂದಳು. ಆಮೇಲೆ ಕಥೆ ಮುಂದುವರಿಸಿದಳು.

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆ ದೊಡ್ಡಮ್ಮ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಪೂರ್ತಿ ಇಳಿದಿದೆ. ಮೇಷ್ಟ್ರಿಗೆ ಹೇಳಿಕಳಿಸಿದರೆ ನಂಬುತ್ತಿಲ್ಲ.